ಡಾಟ್-ಎನ್ವ್ ಫೈಲ್, ಶೆಲ್ ಹಿಸ್ಟರಿ, ಕೆಲಸ ಬಿಟ್ಟ ಸಹೋದ್ಯೋಗಿ: ಅಪ್ಲಿಕೇಶನ್ ಸೀಕ್ರೆಟ್‌ಗಳನ್ನು ಹೇಗೆ ನೋಡಿಕೊಳ್ಳಬೇಕು?

ಓದುಗರ ಪ್ರಶ್ನೆ: ನಾವು ನಾಲ್ಕು ಜನ ಡೆವಲಪರ್‌ಗಳು ಸೇರಿ ಒಂದು ವೆಬ್ ಅಪ್ಲಿಕೇಶನ್ ನೋಡಿಕೊಳ್ಳುತ್ತಿದ್ದೇವೆ. ಎರಡು ಲಿನಕ್ಸ್ ಸರ್ವರ್, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಪೇಮೆಂಟ್ ಮತ್ತು ಇಮೇಲ್ ಸೇವೆಗಳ ಎಪಿಐ ಕೀಗಳು. ಎಲ್ಲ ಪಾಸ್‌ವರ್ಡ್, ಕೀಗಳೂ ಡಾಟ್-ಎನ್ವ್ (.env) ಅನ್ನುವ ಸಾದಾ ಸೆಟ್ಟಿಂಗ್ ಫೈಲಿನಲ್ಲಿವೆ. ಹೊಸಬರು ಬಂದರೆ ಆ ಫೈಲನ್ನು ಚಾಟ್‌ನಲ್ಲಿ ಕಳಿಸುತ್ತೇವೆ. ಸರ್ವರ್‌ನಲ್ಲಿ ತುರ್ತು ಕೆಲಸವಿದ್ದರೆ ಪಾಸ್‌ವರ್ಡನ್ನು ಕಮಾಂಡ್ ಜೊತೆಗೇ ಟೈಪ್ ಮಾಡಿ, ಆಮೇಲೆ ಹಿಸ್ಟರಿ (ಟೈಪ್ ಮಾಡಿದ ಕಮಾಂಡ್‌ಗಳ ಪಟ್ಟಿ) ಅಳಿಸುತ್ತೇವೆ. ಒಂದು ಸಲ ಆ ಫೈಲ್, ಕೋಡಿನ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಗಿಟ್‌ಗೆ ಹೋಗಿಬಿಟ್ಟಿತ್ತು. ಮುಂದಿನ ಕಮಿಟ್‌ನಲ್ಲೇ (ದಾಖಲಾದ ಬದಲಾವಣೆ) ತೆಗೆದೆವು, ರೆಪೊ (ಕೋಡ್ ಸಂಗ್ರಹ) ಕೂಡ ಪ್ರೈವೇಟ್. ಹೋದ ತಿಂಗಳು ತಂಡದ ಒಬ್ಬರು ಕೆಲಸ ಬಿಟ್ಟರು. ಈಗ ಒಬ್ಬ ಸಹೋದ್ಯೋಗಿ, ಆ ಫೈಲಿನಿಂದ ಪ್ರೋಗ್ರಾಂಗೆ ಹೋಗುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳನ್ನು ಬಳಸುವುದೇ ತಪ್ಪು, ವಾಲ್ಟ್ (ಸೀಕ್ರೆಟ್‌ಗಳನ್ನು ಇಡುವ ಪ್ರತ್ಯೇಕ ಸರ್ವರ್ ಸಾಫ್ಟ್‌ವೇರ್) ಹಾಕೋಣ ಅನ್ನುತ್ತಿದ್ದಾರೆ. ಇನ್ನೊಬ್ಬರು ಬೇಸ್64 ಮಾಡಿಟ್ಟರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಆತಂಕಗಳು ಸೇರಿಕೊಂಡಿವೆ. ಮುಂದೆ ಯಾವ ಟೂಲ್ ಬಳಸಬೇಕು ಅನ್ನುವುದು ಒಂದು. ಈಗಾಗಲೇ ಹೊರಗೆ ಹೋಗಿರಬಹುದಾದ ಕೀಗಳ ಗತಿ ಏನು ಅನ್ನುವುದು ಇನ್ನೊಂದು. ಟೂಲ್ ವಿಚಾರವನ್ನು ಮುಂದಿನ ತಿಂಗಳು ಚರ್ಚಿಸಿದರೂ ನಡೆಯುತ್ತದೆ. ಎರಡನೆಯದು ಈ ವಾರದ ಕೆಲಸ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಯಾವ ತಂಡ ಕರೆದರೂ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಈ ಕೀಯ ನಕಲುಗಳು ಎಲ್ಲೆಲ್ಲಿವೆ? ಇದನ್ನು ಈಗಲೇ ಬದಲಿಸಬೇಕು ಅಂದರೆ ಎಷ್ಟು ಹೊತ್ತು ಹಿಡಿಯುತ್ತದೆ? ಇವೆರಡಕ್ಕೂ ಉತ್ತರ ಗೊತ್ತಿರುವ ತಂಡ ಸಾದಾ ಫೈಲಿನಲ್ಲಿ ಕೀ ಇಟ್ಟುಕೊಂಡಿದ್ದರೂ ನನಗೆ ಅಷ್ಟು ಭಯವಾಗುವುದಿಲ್ಲ. ಉತ್ತರ ಗೊತ್ತಿಲ್ಲದ ತಂಡ ವಾಲ್ಟ್ ಹಾಕಿಕೊಂಡರೂ ಸಮಾಧಾನವಾಗುವುದಿಲ್ಲ.

ಗಿಟ್‌ಗೆ ಒಮ್ಮೆ ಹೋದ ಕೀ

ಮುಂದಿನ ಕಮಿಟ್‌ನಲ್ಲಿ ಫೈಲ್ ತೆಗೆದರೆ ಅದು ಈಗಿನ ನೋಟದಿಂದ ಮಾತ್ರ ಮರೆಯಾಗುತ್ತದೆ. ಹಳೆಯ ಕಮಿಟ್ ಹಾಗೇ ಇರುತ್ತದೆ. ರೆಪೊ ಕ್ಲೋನ್ ಮಾಡಿಕೊಂಡ ಪ್ರತಿಯೊಂದು ಲ್ಯಾಪ್‌ಟಾಪ್‌ನಲ್ಲೂ, ಬಿಲ್ಡ್ ಸರ್ವರ್‌ನಲ್ಲೂ, ಬ್ಯಾಕಪ್‌ನಲ್ಲೂ ಅದರ ಪ್ರತಿ ಇದೆ. ಗಿಟ್ ಇರುವುದೇ ಏನನ್ನೂ ಮರೆಯದಿರುವುದಕ್ಕೆ, ಅಲ್ವಾ?

ರೆಪೊ ಪ್ರೈವೇಟ್ ಅನ್ನುವ ಧೈರ್ಯವೂ ಜಾಸ್ತಿ ದೂರ ಬರುವುದಿಲ್ಲ. 2016ರಲ್ಲಿ ಊಬರ್ ಕಂಪನಿಯಲ್ಲಿ ಆದದ್ದು ಇದೇ. ಅವರ ಪ್ರೈವೇಟ್ ಗಿಟ್‌ಹಬ್ ರೆಪೊಗೆ ಹೊರಗಿನವರು ನುಗ್ಗಿದರು. ಕೋಡ್ ಒಳಗೆ ಅಮೆಜಾನ್ ಕ್ಲೌಡ್‌ನ ಕೀ ಸಿಕ್ಕಿತು. ಅದರಿಂದ 5.7 ಕೋಟಿ ಬಳಕೆದಾರರ ಮತ್ತು ಚಾಲಕರ ಮಾಹಿತಿ ಅವರ ಕೈ ಸೇರಿತು. ಟೊಯೋಟಾದ್ದು ಇನ್ನೊಂದು ಬಗೆ. ಅವರ ಟಿ-ಕನೆಕ್ಟ್ ಸೇವೆಯ ಕೋಡಿನ ಒಂದು ಭಾಗ, ಒಳಗಿದ್ದ ಆ್ಯಕ್ಸೆಸ್ ಕೀ ಸಮೇತ, 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿತ್ತು. ಸುಮಾರು ಐದು ವರ್ಷ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಹಾಗಾಗಿ ಆ ಫೈಲಿನಲ್ಲಿದ್ದ ಪ್ರತಿಯೊಂದು ಕೀಯನ್ನೂ ಬದಲಿಸಿ. ಗಿಟ್ ಚರಿತ್ರೆ ತೊಳೆಯುವುದು ಆಮೇಲಿನ ಮಾತು. ಅದಕ್ಕೆ ಗಿಟ್-ಫಿಲ್ಟರ್-ರೆಪೊ ಅನ್ನುವ ಒಳ್ಳೆಯ ಟೂಲ್ ಇದೆ. ಆದರೆ ಅದು ಕಮಿಟ್ ಗುರುತುಗಳನ್ನೆಲ್ಲ ಬದಲಿಸುತ್ತದೆ, ಎಲ್ಲರೂ ಹೊಸದಾಗಿ ಕ್ಲೋನ್ ಮಾಡಬೇಕಾಗುತ್ತದೆ. ಸತ್ತ ಕೀ ಹಳೆಯ ಕಮಿಟ್‌ನಲ್ಲಿ ಉಳಿದರೆ ಯಾರಿಗೂ ಕೆಡುಕಿಲ್ಲ. ಚರಿತ್ರೆ ತೊಳೆದು ಕೀಯನ್ನು ಜೀವಂತ ಬಿಟ್ಟರೆ ಮಾತ್ರ ಅಪಾಯ ಹಾಗೇ ಉಳಿಯುತ್ತದೆ. ಈ ಕ್ರಮವನ್ನು ತಿರುಗಾಮುರುಗಾ ಮಾಡುವವರೇ ಹೆಚ್ಚು. ಎರಡು ದಿನ ಗಿಟ್ ಜೊತೆ ಗುದ್ದಾಡಿ ಸುಸ್ತಾಗಿ, ಕೀ ಬದಲಿಸುವುದನ್ನು ಮುಂದಕ್ಕೆ ಹಾಕುತ್ತಾರೆ.

ಕೆಲಸ ಬಿಟ್ಟ ಸಹೋದ್ಯೋಗಿಯ ವಿಚಾರಕ್ಕೂ ಇದೇ ಮದ್ದು. ಅವರ ಮೇಲೆ ಅನುಮಾನ ಪಡಬೇಕಿಲ್ಲ. ಬಾಡಿಗೆದಾರರು ಮನೆ ಖಾಲಿ ಮಾಡಿದಾಗ ಬೀಗ ಬದಲಿಸುವುದು ಅವರು ಕಳ್ಳರು ಅಂತಲ್ಲ. ಅವರ ಹಳೆಯ ಲ್ಯಾಪ್‌ಟಾಪ್, ಅದರ ಬ್ಯಾಕಪ್, ಫೋನಿನಲ್ಲಿರುವ ಚಾಟ್, ಇವು ಯಾವುವೂ ಈಗ ನಿಮ್ಮ ಕಣ್ಣಳತೆಯಲ್ಲಿಲ್ಲ. ಅವರಿಗೇ ಗೊತ್ತಾಗದೆ ಅಲ್ಲಿಂದ ಕೀ ಸೋರಬಹುದು.

ಬದಲಿಸುವಾಗ ಅಪ್ಲಿಕೇಶನ್ ನಿಲ್ಲದಂತೆ ಮಾಡಬಹುದು. ಪೇಮೆಂಟ್ ಮತ್ತು ಇಮೇಲ್ ಸೇವೆಗಳಲ್ಲಿ ಸಾಮಾನ್ಯವಾಗಿ ಎರಡನೇ ಕೀ ಮಾಡಿಕೊಳ್ಳಲು ಬಿಡುತ್ತಾರೆ. ಹೊಸ ಕೀ ಮಾಡಿ, ಎರಡೂ ಸರ್ವರ್‌ಗೆ ಹಾಕಿ, ಹಳೆಯ ಕೀಯನ್ನು ಇನ್ನೂ ಯಾರಾದರೂ ಬಳಸುತ್ತಿದ್ದಾರಾ ಅಂತ ನೋಡಿ, ಆಮೇಲೆ ಅದನ್ನು ರದ್ದು ಮಾಡಿ. ರದ್ದು ಮಾಡುವ ಆ ಕೊನೆಯ ಹೆಜ್ಜೆಯನ್ನೇ ಜನ ಮರೆಯುತ್ತಾರೆ. ಹೊಸ ಕೀ ಬಂತು, ಹಳೆಯದೂ ಉಳಿಯಿತು ಅಂದರೆ ಕೆಲಸ ಆಗಿಲ್ಲ ಅಂತಲೇ ಅರ್ಥ.

ಪೋಸ್ಟ್‌ಗ್ರೆಸ್‌ನಲ್ಲಿ ಒಬ್ಬ ಬಳಕೆದಾರನಿಗೆ ಒಂದೇ ಪಾಸ್‌ವರ್ಡ್. ಅದಕ್ಕೇ ಅಪ್ಲಿಕೇಶನ್‌ಗೆ ಎರಡು ಲಾಗಿನ್ ಮಾಡಿಟ್ಟುಕೊಳ್ಳಿ, ಎರಡಕ್ಕೂ ಒಂದೇ ರೋಲ್‌ನ ಹಕ್ಕು ಕೊಡಿ. ಒಂದು ಬಳಕೆಯಲ್ಲಿರುವಾಗ ಇನ್ನೊಂದರ ಪಾಸ್‌ವರ್ಡ್ ಬದಲಿಸಿ, ಅಪ್ಲಿಕೇಶನ್ನನ್ನು ಅದಕ್ಕೆ ತಿರುಗಿಸಿ. ಇನ್ನೊಂದು ಮಾತು. ಪಾಸ್‌ವರ್ಡ್ ಬದಲಿಸಲು ಆಲ್ಟರ್ ರೋಲ್ ಕಮಾಂಡ್ ಟೈಪ್ ಮಾಡಬೇಡಿ. ಹೊಸ ಪಾಸ್‌ವರ್ಡ್ ಬಿಚ್ಚುಬಿಚ್ಚಾಗಿ ಪೋಸ್ಟ್‌ಗ್ರೆಸ್‌ನ ಕಮಾಂಡ್ ಟೂಲ್ ಆದ ಪಿಎಸ್‌ಕ್ಯೂಎಲ್‌ನ ಹಿಸ್ಟರಿಗೂ ಹೋಗುತ್ತದೆ, ಸರ್ವರ್ ಲಾಗ್‌ಗೂ ಹೋಗಬಹುದು. ಪಿಎಸ್‌ಕ್ಯೂಎಲ್ ಒಳಗೆ ಬ್ಯಾಕ್‌ಸ್ಲ್ಯಾಶ್ ಹಾಕಿ ‘ಪಾಸ್‌ವರ್ಡ್’ ಅಂತ ಕೊಟ್ಟರೆ ಅದು ನಿಮ್ಮನ್ನು ಕೇಳಿ, ನಿಮ್ಮ ಕಡೆಯಲ್ಲೇ ಹ್ಯಾಶ್ ಮಾಡಿ (ಮೂಲ ಪಾಸ್‌ವರ್ಡ್ ಕಾಣದ ರೂಪಕ್ಕೆ ತಿರುಗಿಸಿ) ಕಳಿಸುತ್ತದೆ.

ಟರ್ಮಿನಲ್ ಸದ್ದಿಲ್ಲದೆ ಮಾಡುವ ನಕಲುಗಳು

ಹಿಸ್ಟರಿ ಅಳಿಸಿದರೆ ಆಯಿತು ಅನ್ನುವುದು ತುಂಬ ಹಬ್ಬಿರುವ ನಂಬಿಕೆ. ಬ್ಯಾಶ್ ಅನ್ನುವ ಶೆಲ್‌ನಲ್ಲಿ (ನಾವು ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ‘ಹಿಸ್ಟರಿ -ಸಿ’ ಕೊಟ್ಟರೆ ಆ ಸೆಶನ್‌ನ ನೆನಪು ಮಾತ್ರ ಖಾಲಿಯಾಗುತ್ತದೆ. ಈ ಮೊದಲೇ ಡಿಸ್ಕ್‌ಗೆ ಬರೆದಾಗಿರುವ ಹಿಸ್ಟರಿ ಫೈಲ್ ಹಾಗೇ ಇರುತ್ತದೆ. ಪಕ್ಕದಲ್ಲಿ ತೆರೆದಿರುವ ಇನ್ನೊಂದು ಟರ್ಮಿನಲ್ ಮುಚ್ಚುವಾಗ ತನ್ನದನ್ನು ತಾನು ಬರೆಯುತ್ತದೆ.

ಕಮಾಂಡ್ ಮುಂದೆ ಒಂದು ಸ್ಪೇಸ್ ಬಿಟ್ಟರೆ ಹಿಸ್ಟರಿಗೆ ಹೋಗುವುದಿಲ್ಲ ಅನ್ನುವುದು ಅರ್ಧ ನಿಜ. ಬ್ಯಾಶ್‌ನಲ್ಲಿ ಹಿಸ್ಟ್‌ಕಂಟ್ರೋಲ್ ಅನ್ನುವ ಸೆಟ್ಟಿಂಗ್ ಸರಿ ಇದ್ದರೆ ಮಾತ್ರ ಅದು ನಡೆಯುತ್ತದೆ. ಡೆಬಿಯನ್, ಉಬುಂಟು ಕೊಡುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಅದು ಮೊದಲೇ ಇರುತ್ತದೆ. ಝಡ್‌ಶೆಲ್ ಅನ್ನುವ ಇನ್ನೊಂದು ಶೆಲ್‌ನಲ್ಲಿ ನೀವೇ ಆನ್ ಮಾಡಬೇಕು.

ಹಿಸ್ಟರಿಗಿಂತ ದೊಡ್ಡ ತೂತು ಇನ್ನೊಂದಿದೆ. ಕಮಾಂಡ್ ಜೊತೆ ಕೊಟ್ಟ ಆರ್ಗ್ಯುಮೆಂಟ್‌ಗಳು, ಆ ಪ್ರೋಗ್ರಾಂ ಓಡುವಷ್ಟು ಹೊತ್ತೂ ಆ ಯಂತ್ರದ ಎಲ್ಲ ಬಳಕೆದಾರರಿಗೂ ಕಾಣುತ್ತವೆ. ಲಿನಕ್ಸ್‌ನಲ್ಲಿ ಇದೇ ಡೀಫಾಲ್ಟ್. ‘ಪಿಎಸ್ ಎಯುಎಕ್ಸ್’ (ps aux) ಕಮಾಂಡ್ ಕೊಟ್ಟು ನೋಡಿ, ಪಟ್ಟಿಯಲ್ಲಿ ಪೂರ್ತಿ ಸಾಲು ಬರುತ್ತದೆ. ಸರ್ವರ್ ಮೇಲೆ ಕಣ್ಣಿಡುವ ಮಾನಿಟರಿಂಗ್ ಟೂಲ್‌ಗಳು ಕೂಡ ಈ ಪಟ್ಟಿಯನ್ನು ಎತ್ತಿಕೊಂಡು ತಮ್ಮ ಕಡೆ ಉಳಿಸಿಕೊಳ್ಳಬಹುದು. ಸುಡೋ ಹಾಕಿ, ಅಂದರೆ ರೂಟ್ (ಎಲ್ಲ ಹಕ್ಕಿರುವ ಬಳಕೆದಾರ) ಆಗಿ ಓಡಿಸಿದರಂತೂ ಇಡೀ ಕಮಾಂಡ್ ಸಿಸ್ಟಂ ಲಾಗ್‌ಗೆ ಹೋಗಿ ಕೂರುತ್ತದೆ. ನೀವು ಹಿಸ್ಟರಿ ಎಷ್ಟು ಅಳಿಸಿದರೂ ಈ ಲಾಗ್ ಸಾಲು ಅಳಿಯುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ಸೀಕ್ರೆಟ್ ಯಾವತ್ತೂ ಕಮಾಂಡ್ ಸಾಲಿನ ಭಾಗವಾಗಬಾರದು. ಪ್ರೋಗ್ರಾಂ ಕೇಳಲಿ, ಆಗ ಟೈಪ್ ಮಾಡಿ. ಅಥವಾ ಅದು ಫೈಲಿನಿಂದ ಓದಲಿ. ಅಥವಾ ಪೈಪ್ ಮೂಲಕ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಕೊಡಿ. ಪೋಸ್ಟ್‌ಗ್ರೆಸ್‌ಗೆ ಪಿಜಿಪಾಸ್ ಅನ್ನುವ ಪಾಸ್‌ವರ್ಡ್ ಫೈಲ್ ಇದೆ. ಅದರ ಪರ್ಮಿಶನ್ 600ಕ್ಕಿಂತ (ಮಾಲೀಕ ಮಾತ್ರ ಓದಿ ಬರೆಯುವ ಹಕ್ಕು) ಸಡಿಲವಾಗಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಓದುವುದೇ ಇಲ್ಲ. ಇಂಥ ಕಟ್ಟುನಿಟ್ಟು ಎಲ್ಲ ಟೂಲ್‌ಗಳಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅಪ್ಲಿಕೇಶನ್‌ಗಳನ್ನು ಕಂಟೇನರ್‌ಗಳಲ್ಲಿ ಕಟ್ಟಿ ಓಡಿಸುವ ಡಾಕರ್‌ನ ಲಾಗಿನ್‌ಗೆ ‘ಪಾಸ್‌ವರ್ಡ್-ಎಸ್‌ಟಿಡಿಇನ್’ ಅನ್ನುವ ಆಯ್ಕೆ ಇದೆ. ವೆಬ್ ಸೇವೆಗಳಿಗೆ ವಿನಂತಿ ಕಳಿಸುವ ಕರ್ಲ್‌ಗೆ ಕೀ ಇರುವ ಹೆಡರನ್ನು ಫೈಲಿನಿಂದ ಓದಿಸಬಹುದು. ಗಿಟ್‌ಹಬ್‌ನ ಕಮಾಂಡ್ ಲೈನ್ ಟೂಲ್‌ನಲ್ಲಿ ಸೀಕ್ರೆಟ್ ಸೆಟ್ ಮಾಡುವಾಗ ಬೆಲೆ (ವ್ಯಾಲ್ಯೂ, ಅಂದರೆ ಸೀಕ್ರೆಟ್‌ನ ನಿಜವಾದ ಅಕ್ಷರಗಳು) ಕೊಡದೆ ಬಿಟ್ಟರೆ ಅದೇ ಕೇಳುತ್ತದೆ. ನಿಮ್ಮದೇ ಸ್ಕ್ರಿಪ್ಟ್ ಆದರೆ ಬ್ಯಾಶ್‌ನ ‘ರೀಡ್ -ಎಸ್’ ಸಾಕು, ಟೈಪ್ ಮಾಡಿದ್ದು ಪರದೆ ಮೇಲೆ ಕಾಣುವುದಿಲ್ಲ.

ಇಲ್ಲೇ ಎರಡು ಚಿಕ್ಕ ಎಚ್ಚರಿಕೆ. ಡೀಬಗ್ ಮಾಡಲು ಸ್ಕ್ರಿಪ್ಟ್‌ನಲ್ಲಿ ‘ಸೆಟ್ -ಎಕ್ಸ್’ ಹಾಕಿದರೆ ವೇರಿಯೇಬಲ್‌ಗಳ ಬೆಲೆ ಬಿಡಿಸಿಕೊಂಡು ಪ್ರತಿ ಸಾಲೂ ಲಾಗ್‌ನಲ್ಲಿ ಬೀಳುತ್ತದೆ. ಸೀಕ್ರೆಟ್ ಮುಟ್ಟುವ ಜಾಗದಲ್ಲಿ ಅದನ್ನು ಆಫ್ ಮಾಡಿ. ಇನ್ನೊಂದು, ಎಕೋ ಕಮಾಂಡ್ ಕೊನೆಯಲ್ಲಿ ಒಂದು ನ್ಯೂಲೈನ್ ಸೇರಿಸುತ್ತದೆ. ಎಕೋ ಬಳಸಿ ಪೈಪ್ ಮಾಡಿದ ಪಾಸ್‌ವರ್ಡ್ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಲಾಗಿನ್ ಮಾತ್ರ ಆಗದೇ ಹೋಗಬಹುದು. ಇದರ ಹಿಂದೆ ಅರ್ಧ ದಿನ ಕಳೆದುಕೊಂಡ ತಂಡಗಳನ್ನು ನೋಡಿದ್ದೇನೆ. ಎಕೋ ಬದಲು ಪ್ರಿಂಟ್‌ಎಫ್ ಬಳಸಿ.

ಎನ್ವಿರಾನ್‌ಮೆಂಟ್ ವೇರಿಯೇಬಲ್ ತಪ್ಪಾ?

ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಸತ್ಯಾಂಶ ಇದೆ. ಆದರೆ ‘ಬಳಸುವುದೇ ತಪ್ಪು’ ಅನ್ನುವಷ್ಟು ದೂರ ಹೋಗಬೇಕಿಲ್ಲ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂನ ಎನ್ವಿರಾನ್‌ಮೆಂಟನ್ನು ಅದೇ ಬಳಕೆದಾರ ಮತ್ತು ರೂಟ್ ಮಾತ್ರ ಓದಬಹುದು. ಆ ಲೆಕ್ಕದಲ್ಲಿ ಆರ್ಗ್ಯುಮೆಂಟ್‌ಗಿಂತ ಇದು ಎಷ್ಟೋ ವಾಸಿ.

ತೊಂದರೆ ಇರುವುದು ಅದು ಹರಡುವ ರೀತಿಯಲ್ಲಿ. ಒಂದು ಪ್ರೋಗ್ರಾಂ ಶುರು ಮಾಡುವ ಪ್ರತಿಯೊಂದು ಮರಿ ಪ್ರೋಗ್ರಾಂಗೂ ಇಡೀ ಎನ್ವಿರಾನ್‌ಮೆಂಟ್ ಬಳುವಳಿಯಾಗಿ ಹೋಗುತ್ತದೆ. ಅಪ್ಲಿಕೇಶನ್ ಕುಸಿದರೆ ಕೆಲವು ಎರರ್ ರಿಪೋರ್ಟ್‌ಗಳು ಅದನ್ನೆಲ್ಲ ಸೇರಿಸಿ ಕಳಿಸುತ್ತವೆ. ಡಾಕರ್ ಕಂಟೇನರ್ ಆದರೆ ‘ಡಾಕರ್ ಇನ್‌ಸ್ಪೆಕ್ಟ್’ ಕೊಟ್ಟವರಿಗೆಲ್ಲ ಕಾಣುತ್ತದೆ. 2021ರಲ್ಲಿ ಕೋಡ್‌ಕವ್ ಅನ್ನುವ ಸೇವೆಯ ಬ್ಯಾಶ್ ಸ್ಕ್ರಿಪ್ಟನ್ನು ಯಾರೋ ತಿದ್ದಿದರು. ಸೇರಿಸಿದ್ದು ಒಂದೇ ಸಾಲು. ಆ ಸ್ಕ್ರಿಪ್ಟ್ ಓಡಿದ ಬಿಲ್ಡ್‌ಗಳ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳು ಹೊರಗಿನ ಸರ್ವರ್‌ಗೆ ಹೋಗುತ್ತಿದ್ದವು. ಜನವರಿ ಕೊನೆಯಲ್ಲಿ ಶುರುವಾದದ್ದು ಗೊತ್ತಾದದ್ದು ಏಪ್ರಿಲ್ 1ಕ್ಕೆ. 2025ರ ಸೆಪ್ಟೆಂಬರ್‌ನಲ್ಲಿ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಕೋಡ್ ಭಂಡಾರ) ಪ್ಯಾಕೇಜ್‌ಗಳಲ್ಲಿ ಹರಡಿದ ಶಾಯ್-ಹುಲೂದ್ ಅನ್ನುವ ವರ್ಮ್ ಡೆವಲಪರ್‌ಗಳ ಯಂತ್ರದಲ್ಲೇ ಕೀಗಳನ್ನು ಹುಡುಕುತ್ತಿತ್ತು. ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದರೆ ಸಾಕಿತ್ತು, ಅದರ ಸ್ಕ್ರಿಪ್ಟ್ ಓಡುತ್ತಿತ್ತು.

ಆದ್ದರಿಂದ ನಾನು ಖಂಡಿತ ಬೇಡ ಅನ್ನುವುದು ಒಂದನ್ನು: ಬ್ಯಾಶ್‌ಆರ್‌ಸಿ ಅಥವಾ ಪ್ರೊಫೈಲ್ ಫೈಲಿನಲ್ಲಿ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಡುವುದು. ಹಾಗೆ ಮಾಡಿದರೆ ನೀವು ಆ ಟರ್ಮಿನಲ್‌ನಿಂದ ಓಡಿಸುವ ಪ್ರತಿಯೊಂದಕ್ಕೂ ಪೇಮೆಂಟ್ ಕೀ ಸಿಗುತ್ತದೆ. ಕೀ ಬೇಕಾದ ಒಂದೇ ಪ್ರೋಗ್ರಾಂಗೆ, ಅದು ಓಡುವಷ್ಟು ಹೊತ್ತು ಮಾತ್ರ ಕೊಡಿ. ಈಗಿನ ಸೀಕ್ರೆಟ್ ಟೂಲ್‌ಗಳಲ್ಲಿ ಇದಕ್ಕೆಂದೇ ‘ರನ್’ ಬಗೆಯ ಕಮಾಂಡ್‌ಗಳಿವೆ. ಒನ್‌ಪಾಸ್‌ವರ್ಡ್‌ನ ‘ಆಪ್ ರನ್’, ಡಾಪ್ಲರ್‌ನ ‘ಡಾಪ್ಲರ್ ರನ್’, ಸಾಪ್ಸ್‌ನ ‘ಎಕ್ಸೆಕ್-ಎನ್ವ್’, ಎಲ್ಲವೂ ಮಾಡುವ ಕೆಲಸ ಒಂದೇ. ಡಿಸ್ಕ್ ಮೇಲೆ ಬಿಚ್ಚಿದ ರೂಪದಲ್ಲಿ ಏನೂ ಉಳಿಯುವುದಿಲ್ಲ, ನಿಮ್ಮ ಶೆಲ್‌ಗೂ ಏನೂ ತಿಳಿಯುವುದಿಲ್ಲ.

ಬೇಸ್64 ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬರೆಯುವ ಇನ್ನೊಂದು ರೀತಿ, ಎನ್‌ಕ್ರಿಪ್ಶನ್ ಅಲ್ಲ. ಯಾವ ಕೀಯೂ ಇಲ್ಲದೆ ಒಂದೇ ಕಮಾಂಡ್‌ನಲ್ಲಿ ಬಿಚ್ಚಬಹುದು. ಈ ತಪ್ಪು ಕಲ್ಪನೆಗೆ ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಕೂಡ ಒಂದು ಕಾರಣ ಇರಬೇಕು. ಅಲ್ಲಿ ಸೀಕ್ರೆಟ್‌ಗಳು ಬೇಸ್64 ರೂಪದಲ್ಲೇ ಕಾಣುತ್ತವೆ, ಬೇರೆ ಏರ್ಪಾಡು ಮಾಡದಿದ್ದರೆ ಎನ್‌ಕ್ರಿಪ್ಟ್ ಆಗದೆಯೇ ಉಳಿಯುತ್ತವೆ.

ಹಾಗಾದರೆ ಯಾವುದನ್ನು ಆರಿಸಬೇಕು

ಏನನ್ನೂ ಬದಲಿಸದೆ ಡಾಟ್-ಎನ್ವ್ ಫೈಲನ್ನೇ ಮುಂದುವರಿಸುವುದೂ ಒಂದು ದಾರಿ. ಪರ್ಮಿಶನ್ 600 ಇರಲಿ, ಗಿಟ್‌ಇಗ್ನೋರ್‌ನಲ್ಲಿ ಇರಲಿ, ಡಾಕರ್ ಇಮೇಜ್ ಒಳಗೆ ಕಾಪಿ ಆಗದಿರಲಿ. ಇಮೇಜ್‌ನ ಒಂದು ಪದರಕ್ಕೆ ಹಾಕಿ ಮುಂದಿನ ಪದರದಲ್ಲಿ ಅಳಿಸಿದರೂ ಹಿಂದಿನ ಪದರದಲ್ಲಿ ಅದು ಉಳಿದೇ ಇರುತ್ತದೆ, ಥೇಟ್ ಗಿಟ್ ಹಾಗೆಯೇ. ಎಲ್ಲಕ್ಕಿಂತ ಮುಖ್ಯ, ಡೆವಲಪರ್ ಲ್ಯಾಪ್‌ಟಾಪ್‌ನಲ್ಲಿ ಪ್ರೊಡಕ್ಷನ್ ಕೀ ಇರಲೇಬಾರದು. ಪೇಮೆಂಟ್ ಸೇವೆಗಳು ಟೆಸ್ಟ್ ಕೀ ಕೊಡುವುದೇ ಅದಕ್ಕೆ. ನಿಮ್ಮ ನಾಲ್ವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಪ್ರೊಡಕ್ಷನ್ ಕೀ ಬೇಕು? ಈ ಒಂದು ಪ್ರಶ್ನೆಯಿಂದಲೇ ಅರ್ಧದಷ್ಟು ನಕಲುಗಳು ಇಲ್ಲವಾಗುತ್ತವೆ ಅನ್ನುವುದು ನನ್ನ ಅನುಭವ.

ನಿಮ್ಮ ಗಾತ್ರದ ತಂಡಕ್ಕೆ ನಾನು ಹೇಳುವುದು ಸಾಪ್ಸ್ ಮತ್ತು ಏಜ್ ಜೋಡಿಯನ್ನು. ಸಾಪ್ಸ್ ಮೊದಲು ಮೊಜಿಲ್ಲಾದಲ್ಲಿ ಹುಟ್ಟಿದ್ದು, 2023ರಿಂದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಅಡಿಯಲ್ಲಿದೆ. ಅದು ಫೈಲಿನಲ್ಲಿರುವ ಹೆಸರುಗಳನ್ನು ಹಾಗೇ ಬಿಟ್ಟು ಬೆಲೆಗಳನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುತ್ತದೆ. ಹಾಗಾಗಿ ಆ ಫೈಲನ್ನು ಗಿಟ್‌ನಲ್ಲೇ ಇಡಬಹುದು. ಯಾವ ಕೀ ಯಾವಾಗ ಬದಲಾಯಿತು ಅಂತ ಎಲ್ಲರಿಗೂ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಏಜ್ ಅನ್ನುವುದು ಎನ್‌ಕ್ರಿಪ್ಶನ್ ಟೂಲ್. ಪ್ರತಿಯೊಬ್ಬರಿಗೂ, ಪ್ರತಿ ಸರ್ವರ್‌ಗೂ ಒಂದೊಂದು ಜೋಡಿ ಕೀ: ಎನ್‌ಕ್ರಿಪ್ಟ್ ಮಾಡಲು ಹಂಚುವ ಪಬ್ಲಿಕ್ ಕೀ, ಬಿಚ್ಚಲು ಗುಟ್ಟಾಗಿಡುವ ಪ್ರೈವೇಟ್ ಕೀ. ಇದರಿಂದ ಚಾಟ್‌ನ ಸಮಸ್ಯೆಯೂ ಹೋಗುತ್ತದೆ. ಹೊಸಬರು ತಮ್ಮ ಪಬ್ಲಿಕ್ ಕೀಯನ್ನು ಚಾಟ್‌ನಲ್ಲಿ ಕಳಿಸಿದರೆ ಸಾಕು. ಅದನ್ನು ಯಾರು ನೋಡಿದರೂ ಗುಟ್ಟು ಬಯಲಾಗುವುದಿಲ್ಲ. ನೀವು ಅದನ್ನು ಪಟ್ಟಿಗೆ ಸೇರಿಸಿ ‘ಅಪ್‌ಡೇಟ್‌ಕೀಸ್’ ಕೊಟ್ಟು ಕಮಿಟ್ ಮಾಡುತ್ತೀರಿ. ಡೆವಲಪ್‌ಮೆಂಟ್‌ಗೆ ಒಂದು ಫೈಲ್, ಪ್ರೊಡಕ್ಷನ್‌ಗೆ ಇನ್ನೊಂದು. ಪ್ರೊಡಕ್ಷನ್ ಫೈಲನ್ನು ತೆರೆಯುವ ಪಟ್ಟಿ ಚಿಕ್ಕದಾಗಿರಲಿ.

ಇದರ ಅಪಾಯಗಳನ್ನೂ ತಿಳಿದುಕೊಳ್ಳಿ. ಕೆಲಸ ಬಿಟ್ಟವರ ಹೆಸರನ್ನು ಪಟ್ಟಿಯಿಂದ ತೆಗೆದರೂ ಹಳೆಯ ಕಮಿಟ್‌ಗಳನ್ನು ಅವರ ಕೀ ಇನ್ನೂ ಬಿಚ್ಚುತ್ತದೆ. ಅಂದರೆ ಒಳಗಿರುವ ನಿಜವಾದ ಪಾಸ್‌ವರ್ಡ್‌ಗಳನ್ನು ಆಗಲೂ ಬದಲಿಸಲೇಬೇಕು. ಸಾಪ್ಸ್‌ನ ‘ರೊಟೇಟ್’ ಕಮಾಂಡ್ ಫೈಲನ್ನು ಎನ್‌ಕ್ರಿಪ್ಟ್ ಮಾಡುವ ಕೀಯನ್ನು ಬದಲಿಸುತ್ತದೆ, ನಿಮ್ಮ ಡೇಟಾಬೇಸ್ ಪಾಸ್‌ವರ್ಡನ್ನಲ್ಲ. ಈ ಎರಡನ್ನೂ ಒಂದೇ ಅಂದುಕೊಳ್ಳುವವರು ತುಂಬ ಜನ. ಎಲ್ಲರ ಏಜ್ ಕೀಯೂ ಕಳೆದುಹೋದರೆ ಫೈಲ್ ಶಾಶ್ವತವಾಗಿ ಮುಚ್ಚಿದಂತೆ. ಅದಕ್ಕೆ ಒಂದು ರಿಕವರಿ ಕೀ ಮಾಡಿ ಇಂಟರ್ನೆಟ್‌ಗೆ ಸೇರದ ಜಾಗದಲ್ಲಿ ಇಡಿ. ಇನ್ನು, ಯಾರು ಯಾವಾಗ ಓದಿದರು ಅನ್ನುವ ಲೆಕ್ಕ ಇಲ್ಲಿ ಸಿಗುವುದಿಲ್ಲ.

ಆ ಲೆಕ್ಕ ಬೇಕೇ ಬೇಕು ಅನ್ನುವವರಿಗೆ, ಈಗಾಗಲೇ ಕ್ಲೌಡ್‌ನಲ್ಲಿ ಇರುವವರಿಗೆ, ಆ ಕ್ಲೌಡ್‌ನದೇ ಸೀಕ್ರೆಟ್ ಮ್ಯಾನೇಜರ್ ಒಳ್ಳೆಯದು. ಅದರ ದೊಡ್ಡ ಲಾಭ ಸರ್ವರ್‌ಗೆ ಸಿಗುವ ಗುರುತು. ನಾವು ಎಷ್ಟೇ ಎನ್‌ಕ್ರಿಪ್ಟ್ ಮಾಡಿದರೂ ಎಲ್ಲವನ್ನೂ ಬಿಚ್ಚುವ ಒಂದು ಕೊನೆಯ ಕೀ ಸರ್ವರ್‌ನಲ್ಲಿ ಇರಲೇಬೇಕಲ್ಲ. ಕ್ಲೌಡ್‌ನಲ್ಲಾದರೆ ಆ ಯಂತ್ರಕ್ಕೇ ಒಂದು ರೋಲ್ ಕೊಡಬಹುದು, ಸ್ವಲ್ಪ ಹೊತ್ತು ಬಾಳುವ ಟೋಕನ್ ತಾನಾಗಿ ಬರುತ್ತದೆ. ಸ್ವಂತ ಸರ್ವರ್ ಆದರೆ ಆ ಕೀ ರೂಟ್ ಒಬ್ಬನೇ ಓದುವ ಫೈಲಿನಲ್ಲಿ ಇರಲಿ. ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡುವ ಸಿಸ್ಟಂಡಿಯ ‘ಲೋಡ್‌ಕ್ರೆಡೆನ್ಶಿಯಲ್’ ಮೂಲಕ ಅಪ್ಲಿಕೇಶನ್‌ಗೆ ಬೇಕಾದ ಸೀಕ್ರೆಟನ್ನು ಫೈಲ್ ರೂಪದಲ್ಲಿ ಕೊಡಬಹುದು, ಎನ್ವಿರಾನ್‌ಮೆಂಟ್ ಮುಟ್ಟುವುದೇ ಬೇಡ. ರೂಟ್ ಸಿಕ್ಕಿದವರಿಂದ ಇದು ಕಾಪಾಡುವುದಿಲ್ಲ. ಕಾಪಾಡುತ್ತದೆ ಅನ್ನುವವರ ಮಾತು ನಂಬಬೇಡಿ.

ವಾಲ್ಟ್ ಒಳ್ಳೆಯ ಸಾಫ್ಟ್‌ವೇರ್. ಅದರ ನಿಜವಾದ ಶಕ್ತಿ ಬೇರೆ ಕಡೆ ಇದೆ. ಕೇಳಿದಾಗ ಹೊಸ ಡೇಟಾಬೇಸ್ ಲಾಗಿನ್ ಹುಟ್ಟಿಸಿ, ಅವಧಿ ಮುಗಿದಾಗ ತಾನೇ ಅಳಿಸುತ್ತದೆ. ಆದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ವಾಲ್ಟ್ ಸರ್ವರ್ ರೀಸ್ಟಾರ್ಟ್ ಆದರೆ ಬೀಗ ಹಾಕಿಕೊಂಡೇ ಏಳುತ್ತದೆ. ಡೀಫಾಲ್ಟ್‌ನಲ್ಲಿ ಅದರ ಕೀಯನ್ನು 5 ತುಂಡು ಮಾಡಿರುತ್ತದೆ, 3 ತುಂಡು ಸೇರಿದರೆ ಮಾತ್ರ ತೆರೆಯುತ್ತದೆ. ತಾನಾಗಿ ತೆರೆಯುವಂತೆ ಮಾಡಬಹುದು, ಅದಕ್ಕೆ ಹೊರಗೆ ಇನ್ನೊಂದು ಕೀ ಸೇವೆ ಬೇಕು. ನಾಲ್ಕು ಜನರ ತಂಡದಲ್ಲಿ ಮಧ್ಯರಾತ್ರಿ ಇದನ್ನು ಮಾಡುವವರು ಯಾರು ಅಂತ ಹೆಸರು ಹೇಳಲಾಗದಿದ್ದರೆ ಈಗ ಬೇಡ. ಎರಡು ಸರ್ವರ್ ಇಪ್ಪತ್ತಾದಾಗ ಮತ್ತೆ ಯೋಚಿಸಿ.

ಯಾವುದನ್ನು ಆರಿಸಿದರೂ ಗಿಟ್‌ಗೆ ಕೀ ಹೋಗದಂತೆ ಒಂದು ಕಾವಲು ಹಾಕಿ. ಗಿಟ್‌ಲೀಕ್ಸ್ ಬಗೆಯ ಸ್ಕ್ಯಾನರನ್ನು ಪ್ರಿ-ಕಮಿಟ್ ಹುಕ್‌ನಲ್ಲಿ ಇಟ್ಟರೆ ಕಮಿಟ್ ಆಗುವ ಮೊದಲೇ ತಡೆಯುತ್ತದೆ. ಪಬ್ಲಿಕ್ ರೆಪೊಗಳಲ್ಲಿ ಗಿಟ್‌ಹಬ್ 2024ರಿಂದ ಪುಶ್ ಪ್ರೊಟೆಕ್ಷನ್ (ಕೀ ಇರುವ ಕೋಡ್ ಮೇಲೇರದಂತೆ ತಡೆ) ಅನ್ನು ತಾನೇ ಆನ್ ಮಾಡಿದೆ. ಆದರೆ ಅದಕ್ಕೆ ಗುರುತು ಸಿಗುವುದು ಹೆಸರಾಂತ ಸೇವೆಗಳ ಟೋಕನ್‌ಗಳು. ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಅದರ ಕಣ್ಣಿಗೆ ಸುಮ್ನೆ ಒಂದು ಪದ.

ಕೊನೆಗೆ, ಟೂಲ್ ತರುವ ಮೊದಲೇ ಮಾಡಬಹುದಾದ ಒಂದು ಕೆಲಸ. 2023ರ ಜನವರಿಯಲ್ಲಿ ಸರ್ಕಲ್‌ಸಿಐ ಅನ್ನುವ ಬಿಲ್ಡ್ ಸೇವೆ ತನ್ನ ಎಲ್ಲ ಗ್ರಾಹಕರಿಗೂ, ನಮ್ಮಲ್ಲಿ ಇಟ್ಟಿರುವ ಎಲ್ಲ ಸೀಕ್ರೆಟ್‌ಗಳನ್ನೂ ಕೂಡಲೇ ಬದಲಿಸಿ ಅಂತ ಹೇಳಿತು. ಅಂಥ ಸುದ್ದಿ ಬಂದ ದಿನ ಏನೇನು ಬದಲಿಸಬೇಕು ಅಂತ ಹುಡುಕುತ್ತಾ ಕೂರುವಂತಾಗಬಾರದು. ಒಂದು ಪಟ್ಟಿ ಮಾಡಿ. ಕೀಯ ಹೆಸರು, ಅದು ಏನನ್ನು ತೆರೆಯುತ್ತದೆ, ಎಲ್ಲೆಲ್ಲಿ ಇದೆ, ಯಾರು ನೋಡಿಕೊಳ್ಳುತ್ತಾರೆ, ಬದಲಿಸುವ ಕ್ರಮ ಏನು. ಬೆಲೆ ಮಾತ್ರ ಬರೆಯಬೇಡಿ. ಆಮೇಲೆ ಇಮೇಲ್ ಸೇವೆಯ ಕೀಯಿಂದ ಶುರು ಮಾಡಿ, ಅದು ಸ್ವಲ್ಪ ಹೊತ್ತು ಕೆಟ್ಟರೂ ದೊಡ್ಡ ನಷ್ಟವಿಲ್ಲ. ಪಟ್ಟಿಯಲ್ಲಿ ಬರೆದ ಕ್ರಮದಂತೆಯೇ ಬದಲಿಸಿ, ಕೆಲಸವನ್ನು ತಂಡದಲ್ಲಿ ಅದನ್ನು ಹಿಂದೆ ಮಾಡಿಲ್ಲದವರಿಗೆ ಕೊಡಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳಿದರೋ ಅಲ್ಲಿ ಪಟ್ಟಿಯನ್ನು ತಿದ್ದಿ. ಆಮೇಲೆ ಡೇಟಾಬೇಸ್, ಅದಾದ ಮೇಲೆ ಪೇಮೆಂಟ್ ಕೀ. ಈ ಮೂರೂ ಗಿಟ್‌ಗೆ ಹೋಗಿದ್ದ ಆ ಫೈಲಿನಲ್ಲಿ ಇದ್ದವಾದ್ದರಿಂದ ಅಭ್ಯಾಸವೂ ಆಗುತ್ತದೆ, ಈ ವಾರದ ಕೆಲಸವೂ ಮುಗಿಯುತ್ತದೆ.